ಲಡಾಖ್ ಇರಲಿ, ಮೊದಲು ನಮ್ಮೂರ 52ನೇ ಹೆದ್ದಾರಿ ಹಿಡಿಯೋಣ

ಕಲಘಟಗಿ ಊರೊಳಗಿಂದ ಹಾಯ್ದು ಹೋಗುವ ಹೆದ್ದಾರಿ ಎಲ್ಲಿಗೆ ಹೋಗುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ‘ಈ ಕಡೆ ಹುಬ್ಬಳ್ಳಿ, ಆ ಕಡೆ ಯಲ್ಲಾಪುರ’ ಎನ್ನುತ್ತಾರೆ. ಹಿರಿಯರು ‘ಅದು ಕಾರವಾರ ರೋಡ್’ ಎನ್ನುತ್ತಾರೆ. ಯಾರದೂ ತಪ್ಪಲ್ಲ. ಆದರೆ ಆ ರಸ್ತೆ ಹುಬ್ಬಳ್ಳಿಯಲ್ಲಿ ನಿಲ್ಲುವುದಿಲ್ಲ. ಅದು ರಾಷ್ಟ್ರೀಯ ಹೆದ್ದಾರಿ 52. ಅಂಕೋಲಾದಲ್ಲಿ ಶುರುವಾಗಿ ಪಂಜಾಬಿನ ಸಂಗ್ರೂರಿನವರೆಗೆ ಸುಮಾರು 2,300 ಕಿ.ಮೀ. ಓಡುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಮಧ್ಯಪ್ರದೇಶ, ರಾಜಸ್ಥಾನ, ಹರಿಯಾಣ, ಪಂಜಾಬ್ ಹೀಗೆ ಆರು ರಾಜ್ಯ ದಾಟುತ್ತದೆ. ನಮ್ಮ ಜಿಲ್ಲೆಯ ನವಲಗುಂದವೂ ಇದೇ ರಸ್ತೆಯ ಮೇಲಿದೆ.

ಈ ಮಾತು ಈಗ ಯಾಕೆ ಅಂದರೆ, ನಮ್ಮ ತಾಲ್ಲೂಕಿನ ಹುಡುಗರ ಫೋನ್ ತುಂಬ ಲಡಾಖಿನ ರೀಲ್ಸ್ ಇವೆ. ಹಿಮದ ಗುಡ್ಡ, ನೀಲಿ ಸರೋವರ, ಸಾಲಾಗಿ ಓಡುವ ದೊಡ್ಡ ಗಾಡಿಗಳು, ಹಿಂದೊಂದು ಹಾಡು. ಸಂಜೆ ಚಹಾದಂಗಡಿ ಮುಂದೆ ನಾಲ್ಕು ಜನ ಕೂತರೆ ‘ಮುಂದಿನ ವರ್ಷ ಲಡಾಖಕ್ಕ ಹೋಗೋದ ದೋಸ್ತ’ ಎಂಬ ಮಾತು ಬಂದೇ ಬರುತ್ತದೆ. ಆಮೇಲೆ ಚರ್ಚೆ ಯಾವ ಗಾಡಿ ತಗೋಬೇಕು, ಯಾವ ಫೈನಾನ್ಸಿನವರು ಬೇಗ ಸಾಲ ಕೊಡುತ್ತಾರೆ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ದಾರಿ ಯಾವುದು, ದಿನಕ್ಕೆ ಎಷ್ಟು ದೂರ, ಆಗ ಹೊಲದಲ್ಲಿ ಏನು ಕೆಲಸ ಇರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಹುಡುಗರ ಕನಸನ್ನು ಗೇಲಿ ಮಾಡಲು ನಾವು ಇದನ್ನು ಬರೆಯುತ್ತಿಲ್ಲ. ದೇಶ ನೋಡಬೇಕು ಎನ್ನುವ ಆಸೆ ಒಳ್ಳೆಯದು. ಹಳ್ಳಿಯ ಹುಡುಗರಿಗೆ, ಹುಡುಗಿಯರಿಗೆ ಅದು ಇನ್ನೂ ಹೆಚ್ಚು ಬೇಕು. ಆದರೆ ಯೋಜನೆ ಗಾಡಿ ಖರೀದಿಯಿಂದ ಶುರುವಾಗಬಾರದು. ಮನೆ ಮುಂದಿನ ರಸ್ತೆಯಿಂದ, ಮನೆಯಲ್ಲಿರುವ ಗಾಡಿಯಿಂದ, ಹೊಲ ಬಿಡುವು ಕೊಡುವ ತಿಂಗಳಿನಿಂದ ಶುರುವಾಗಬೇಕು. ನಮ್ಮ ವಾದ ಇಷ್ಟೇ. ಇನ್ನು ಲೆಕ್ಕ ಹೇಳುತ್ತೇವೆ.

ಹೊಲದ ಕ್ಯಾಲೆಂಡರ್ ಏನು ಹೇಳುತ್ತದೆ?

ಮನಾಲಿಯಿಂದ ಲೇಹಕ್ಕೆ ಹೋಗುವ ರಸ್ತೆ ಸುಮಾರು 430 ಕಿ.ಮೀ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹತಾಂಗ್ ಏರುವ ತ್ರಾಸು ತಪ್ಪಿದೆ. ಆದರೆ ಸುರಂಗದ ಆಚೆಗಿನ ಘಟ್ಟಗಳ ಮೇಲೆ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಹಾಗಾಗಿ ಬೈಕಿನವರಿಗೆ ಆ ದಾರಿ ಸಿಗುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ಆ ನಾಲ್ಕು ತಿಂಗಳು ನಮ್ಮಲ್ಲಿ ಏನು ನಡೆದಿರುತ್ತದೆ? ಜೂನ್‌ನಲ್ಲಿ ಮುಂಗಾರಿ ಬಿತ್ತನೆ. ಕಲಘಟಗಿ ಕಡೆ ಭತ್ತ, ಗೋವಿನಜೋಳ, ಸೋಯಾಬೀನ್. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಹೆಸರು, ಹತ್ತಿ, ಶೇಂಗಾ. ಜುಲೈ, ಆಗಸ್ಟ್‌ನಲ್ಲಿ ಎಡೆ ಹೊಡೆಯುವುದು, ಕಳೆ ತೆಗೆಯುವುದು, ಗೊಬ್ಬರ ಹಾಕುವುದು, ಔಷಧಿ ಹೊಡೆಯುವುದು. ಆಳು ಸಿಗದ ಕಾಲ. ಮನೆಯ ಗಟ್ಟಿ ಹುಡುಗ ಇಪ್ಪತ್ತು ದಿನ ಊರಲ್ಲಿ ಇಲ್ಲದಿದ್ದರೆ ಅಪ್ಪ ಅವ್ವನ ಬೆನ್ನು ಮುರಿಯುತ್ತದೆ. ಅಂದರೆ ಲಡಾಖಿನ ಬಾಗಿಲು ತೆರೆಯುವ ಹೊತ್ತಿಗೇ ನಮ್ಮ ಹೊಲ ಕೈ ಹಿಡಿದು ಎಳೆಯುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕೆಲಸ ಮಾಡುವವರು ಯಾವಾಗ ಬೇಕಾದರೂ ರಜೆ ಹಾಕಬಹುದು. ರಜೆ ಕೊಡುವ ಅಧಿಕಾರ ನಮ್ಮಲ್ಲಿ ಮಳೆಗೆ ಇದೆ.

52ನೇ ಹೆದ್ದಾರಿಯ ಕಥೆ ಉಲ್ಟಾ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಗಾಡಿ ಓಡಿಸಲು ಹಿತವಾದ ಕಾಲ ಚಳಿಗಾಲ. ಡಿಸೆಂಬರ್ ಕೊನೆ, ಜನವರಿ ಮೊದಲ ಭಾಗದಲ್ಲಿ ಹರಿಯಾಣ, ಪಂಜಾಬಿನಲ್ಲಿ ದಟ್ಟ ಮಂಜು ಇರುತ್ತದೆ, ಎದುರಿನ ಲಾರಿಯೂ ಕಾಣುವುದಿಲ್ಲ. ಅದು ಬೇಡ. ಏಪ್ರಿಲ್ ಮೇಲೆ ಬಿಸಿಲು ಸುಡುತ್ತದೆ. ಅದೂ ಬೇಡ. ಉಳಿಯುವುದು ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರ. ಅಷ್ಟು ಹೊತ್ತಿಗೆ ಕಲಘಟಗಿ ಕಡೆ ಭತ್ತ, ಗೋವಿನಜೋಳದ ರಾಶಿ ಮುಗಿದಿರುತ್ತದೆ. ಬಯಲು ಸೀಮೆಯವರು ಕಡಲೆ ರಾಶಿ ಮುಗಿಸಿಕೊಂಡು ಹೊರಡಬಹುದು. ಕೈಯಲ್ಲಿ ಒಂದಿಷ್ಟು ದುಡ್ಡೂ ಇರುತ್ತದೆ, ಮನೆಯವರ ಮುಖವೂ ಗಂಟಿಕ್ಕಿರುವುದಿಲ್ಲ.

ಎರಡು ಲಕ್ಷದ ಗಾಡಿಯೋ, ಮನೆಯ ಗಾಡಿಯೋ?

ದೊಡ್ಡ ಗಾಡಿ ಇಲ್ಲದೆ ದೂರದ ಪ್ರಯಾಣ ಆಗದು ಎಂಬ ನಂಬಿಕೆ ಹೇಗೋ ಬೆಳೆದುಬಿಟ್ಟಿದೆ. ಲೆಕ್ಕ ಹಾಕಿ ನೋಡೋಣ. ಎರಡು ಲಕ್ಷ ರೂಪಾಯಿ ಸಾಲ, ಮೂರು ವರ್ಷ, ಬಡ್ಡಿ ಶೇ 12 ಎಂದು ಹಿಡಿದರೆ ತಿಂಗಳ ಕಂತು 6,600 ರೂಪಾಯಿ ದಾಟುತ್ತದೆ. ಮೂರು ವರ್ಷಕ್ಕೆ ಕಟ್ಟುವುದು 2 ಲಕ್ಷ 39 ಸಾವಿರ. ಪ್ರಯಾಣ ಇಪ್ಪತ್ತು ದಿನ, ಕಂತು 36 ತಿಂಗಳು.

ಈಗ ಮನೆಯ 100 ಸಿಸಿ ಗಾಡಿಯ ಲೆಕ್ಕ. ಸಂಗ್ರೂರಿನವರೆಗೆ ಹೋಗಿ, ಅಲ್ಲಿಂದ ದೆಹಲಿಗೆ ಬಂದು, ಗಾಡಿಯನ್ನು ರೈಲಿಗೆ ಹಾಕಿ ವಾಪಸು ಬರುವುದು ನಮ್ಮ ಸಲಹೆ. ದೆಹಲಿಯ ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಹುಬ್ಬಳ್ಳಿಗೆ ನೇರ ರೈಲು ಇದೆ. ರೈಲ್ವೆ ಪಾರ್ಸಲ್ ಕಚೇರಿಯಲ್ಲಿ ಬೈಕ್ ತೆಗೆದುಕೊಳ್ಳುತ್ತಾರೆ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು, ಗಾಡಿಗೆ ಗೋಣಿಚೀಲ ಸುತ್ತಿ ಪ್ಯಾಕ್ ಮಾಡಿಸಬೇಕು.

ಅಡ್ಡದಾರಿಗಳನ್ನೂ ಸೇರಿಸಿ 3,000 ಕಿ.ಮೀ. ಎಂದು ಹಿಡಿಯೋಣ. ಲೀಟರಿಗೆ 55 ಕಿ.ಮೀ. ಕೊಟ್ಟರೆ 55 ಲೀಟರ್. ಲೀಟರಿಗೆ 105 ರೂಪಾಯಿ ಎಂದರೆ ಪೆಟ್ರೋಲಿಗೆ 5,775. ಊಟ, ವಸತಿಗೆ ದಿನಕ್ಕೆ 800ರಂತೆ 17 ದಿನಕ್ಕೆ 13,600. ಹೊರಡುವ ಮುಂಚೆ ಸರ್ವಿಸ್, ಬ್ರೇಕ್ ಶೂ, ಚೈನ್, ಬಿಡಿಭಾಗಕ್ಕೆ 4,000. ರೈಲು ಟಿಕೆಟ್, ಪಾರ್ಸಲ್‌ಗೆ 5,000 ತೆಗೆದಿಡಿ. ಒಟ್ಟು 28,375 ರೂಪಾಯಿ. ಇದು ನಮ್ಮ ಅಂದಾಜು. ಇಬ್ಬರು ಕೂಡಿ ಹೋದರೆ ಖೋಲಿ ಬಾಡಿಗೆ ಹಂಚಿಹೋಗುತ್ತದೆ. ಹೊಸ ಗಾಡಿಯ ನಾಲ್ಕು ಕಂತು ಚಿಲ್ಲರೆ ದುಡ್ಡಿನಲ್ಲಿ ಅರ್ಧ ದೇಶ ನೋಡಿ ಬಂದಂತಾಯಿತು. ಇದು ಸಣ್ಣ ದುಡ್ಡು ಎಂದು ನಾವು ಹೇಳುತ್ತಿಲ್ಲ. ಆದರೆ ಒಂದು ವರ್ಷ ಮೊದಲೇ ತಿಂಗಳಿಗೆ 2,400ರಂತೆ ತೆಗೆದಿಟ್ಟರೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಸಣ್ಣ ಗಾಡಿಗೆ ಇನ್ನೊಂದು ಲಾಭವಿದೆ. ಗಂಟೆಗೆ 50–55 ಕಿ.ಮೀ. ವೇಗ ದಾಟಿಸಬೇಡಿ, ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಿಸಿ, ಅದು ತಕರಾರು ಮಾಡದೆ ಓಡುತ್ತದೆ. ಕೆಟ್ಟರೂ ಅದರ ಕ್ಲಚ್ ಕೇಬಲ್, ಪ್ಲಗ್, ಟ್ಯೂಬ್ ದಾರಿಯುದ್ದಕ್ಕೂ ಸಣ್ಣ ಊರಿನ ಗ್ಯಾರೇಜಿನಲ್ಲೂ ಸಿಗುತ್ತವೆ. ಹೊರಡುವ ಮುಂಚೆ ಒಂದು ತಿಂಗಳು ಸಂಜೆ ಹೊತ್ತು ನಮ್ಮೂರ ಮೇಸ್ತ್ರಿ ಹತ್ತಿರ ಕೂತು ಪಂಕ್ಚರ್ ತೆಗೆಯುವುದು, ಚೈನ್ ಬಿಗಿ ಮಾಡುವುದು, ಪ್ಲಗ್ ಒರೆಸುವುದು, ಕೇಬಲ್ ಹಾಕುವುದು ಕಲಿಯಿರಿ.

ಗಾಡಿಯ ಟ್ಯಾಂಕಿನ ಮೇಲೆ ಚೆ ಗುವೆರಾ ಚಿತ್ರ ಅಂಟಿಸಿಕೊಂಡವರು ಬಹಳ ಜನ ಇದ್ದಾರೆ. ಅವರಿಗೊಂದು ಮಾತು. 1952ರಲ್ಲಿ ಚೆ ಇನ್ನೂ ವೈದ್ಯಕೀಯ ಓದುತ್ತಿದ್ದ ಹುಡುಗ. ಗೆಳೆಯ ಆಲ್ಬರ್ಟೊ ಗ್ರನಾಡೊ ಜೊತೆ ದಕ್ಷಿಣ ಅಮೆರಿಕ ಸುತ್ತಲು ಹೊರಟಾಗ ಅವರ ಬಳಿ ಇದ್ದದ್ದು ಗೆಳೆಯನ ಹಳೆಯ ನಾರ್ಟನ್ ಗಾಡಿ. ಅದು ದಾರಿಯುದ್ದಕ್ಕೂ ಕೆಡುತ್ತಾ ಹೋಗಿ ಚಿಲಿ ದೇಶದಲ್ಲಿ ಪೂರ್ತಿ ನಿಂತುಹೋಯಿತು. ಉಳಿದ ದಾರಿಯನ್ನು ಅವರು ಲಾರಿ ಹತ್ತಿ, ದೋಣಿ ಹತ್ತಿ ಮುಗಿಸಿದರು. ಗಣಿ ಕಾರ್ಮಿಕರನ್ನು, ಕುಷ್ಠರೋಗಿಗಳನ್ನು ಕಂಡರು. ಜಗತ್ತು ನೆನಪಿಟ್ಟುಕೊಂಡಿರುವುದು ಅವರು ಕಂಡ ಜನರಿಂದಾಗಿ. ಗಾಡಿ ಹೊಸದಾಗಿತ್ತೇ ಎಂದು ಯಾರೂ ಕೇಳಲಿಲ್ಲ.

ನೋಡುವುದಕ್ಕೆ ಏನಿದೆ ಅಂತೀರಾ?

ಹಿಮ ಇಲ್ಲ, ನಿಜ. ಏನಿದೆ ಎಂದು ಕಲಘಟಗಿಯಿಂದ ಒಂದೊಂದಾಗಿ ನೋಡುತ್ತಾ ಹೋಗೋಣ.

ಹುಬ್ಬಳ್ಳಿ ದಾಟಿದರೆ ನವಲಗುಂದ. ಜಮಖಾನೆಯ ಊರು. ಅಲ್ಲಿಂದ ನರಗುಂದ, ಕುಳಗೇರಿ ಕ್ರಾಸ್. ಕ್ರಾಸಿನಲ್ಲಿ ಬಲಕ್ಕೆ ತಿರುಗಿದರೆ ಬಾದಾಮಿ, ಪಟ್ಟದಕಲ್ಲು. ಮೊದಲ ದಿನ ಇಷ್ಟು ಸಾಕು, ಸುಮಾರು 140 ಕಿ.ಮೀ. ಎರಡನೇ ದಿನ ಕೊಲ್ಹಾರದಲ್ಲಿ ಕೃಷ್ಣೆಯ ಉದ್ದ ಸೇತುವೆ, ಅಲ್ಲಿಯ ಹೆಸರಾದ ಗಟ್ಟಿ ಮೊಸರು, ಸಂಜೆಗೆ ವಿಜಯಪುರ. 1656ರಲ್ಲಿ ಕಟ್ಟಿ ಮುಗಿಸಿದ ಗೋಳಗುಮ್ಮಟ. ಮೂರನೇ ದಿನ ಸೊಲ್ಲಾಪುರದ ಸಿದ್ಧರಾಮೇಶ್ವರ ಗುಡಿ, ತುಳಜಾಪುರದ ಅಂಬಾಭವಾನಿ.

ಇಲ್ಲಿಗೆ ಒಂದು ಮಾತು. ತುಳಜಾಪುರಕ್ಕೆ ನಮ್ಮ ಭಾಗದ ಹಿರಿಯರು ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಹೋಗಿ ಬಂದವರು. ಪಂಢರಪುರಕ್ಕೆ ದಿಂಡಿ ಹೊರಡುವವರು ಈಗಲೂ ಇದ್ದಾರೆ. ದೂರದ ಪ್ರಯಾಣ ನಮಗೆ ರೀಲ್ಸ್ ಕಲಿಸಿದ್ದಲ್ಲ. ಮನೆಯಲ್ಲಿ ಅವ್ವ ತುಳಜಾಪುರದ ಹರಕೆ ಹೊತ್ತಿದ್ದರೆ ಈ ದಾರಿಯ ಮೊದಲ ಮೂರು ದಿನ ಅವಳನ್ನೇ ಹಿಂದೆ ಕೂರಿಸಿಕೊಂಡು ಹೋಗಿ ಬನ್ನಿ, ಅವಳ ತಲೆಗೂ ಹೆಲ್ಮೆಟ್ ಹಾಕಿ. ಮುಂದಿನ ಪ್ರಯಾಣಕ್ಕೆ ಅನುಮತಿ ಕೇಳುವುದು ಸಲೀಸಾಗುತ್ತದೆ. ಪ್ರಯಾಣ ಅಂದರೆ ಗಂಡುಹುಡುಗರದು ಮಾತ್ರ ಎಂಬ ರೂಢಿಯೂ ಸ್ವಲ್ಪ ಸಡಿಲವಾದೀತು.

ನಾಲ್ಕನೇ ದಿನ ಬೀಡ್ ಮೇಲೆ ಛತ್ರಪತಿ ಸಂಭಾಜಿನಗರ, ಅಂದರೆ ಹಳೆಯ ಔರಂಗಾಬಾದ್. ಐದನೇ ದಿನ ಎಲ್ಲೋರಾ. ಅಲ್ಲಿಯ ಕೈಲಾಸ ದೇವಾಲಯವನ್ನು 8ನೇ ಶತಮಾನದಲ್ಲಿ ಒಂದೇ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ್ದಾರೆ. ಮಾಡಿಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ. ಮುಂದೆ ನಮ್ಮ ಮಳಖೇಡವನ್ನು ರಾಜಧಾನಿ ಮಾಡಿಕೊಂಡ ಮನೆತನ ಅದು. ಮೊದಲ ದಿನ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಿದ್ದ ಕಣ್ಣಿಗೆ ಎಲ್ಲೋರಾದಲ್ಲಿ ಅದೇ ಕೈ ಕಾಣುತ್ತದೆ. ಎಲ್ಲೋರಾ ದಾಟಿ ಮುಂದೆ ಹೋದರೆ ಒಂದು ತಾಲ್ಲೂಕು ಊರು ಬರುತ್ತದೆ. ಅದರ ಹೆಸರು ‘ಕನ್ನಡ’. ಮರಾಠಿ ಬೋರ್ಡಿನ ಮೇಲೆ ಆ ಹೆಸರು ಓದಿದಾಗ ಆಗುವ ಖುಷಿಗೆ ಫಿಲ್ಟರ್ ಬೇಕಾಗುವುದಿಲ್ಲ.

ಅಲ್ಲಿಂದ ಘಟ್ಟ ಇಳಿದು ಚಾಳೀಸಗಾಂವ್, ಧುಳೆ. ಆರನೇ ದಿನ ಮಧ್ಯಪ್ರದೇಶ. ಖಲ್‌ಘಾಟ್ ಎಂಬಲ್ಲಿ ನರ್ಮದೆ ದಾಟಬೇಕು. ಹತ್ತಿರದಲ್ಲೇ ಅಹಲ್ಯಾಬಾಯಿ ಹೋಳ್ಕರರ ಮಹೇಶ್ವರ. ಇಂದೋರ್ ಆದ ಮೇಲೆ ದೇವಾಸ್. ಧಾರವಾಡ ಸೀಮೆಯವರು ದೇವಾಸಿನಲ್ಲಿ ಗಾಡಿ ನಿಲ್ಲಿಸದೆ ಹೋಗಬಾರದು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಕ್ಷಯರೋಗ ವಾಸಿ ಮಾಡಿಕೊಳ್ಳಲು ಹೋಗಿ ನೆಲೆಸಿದ ಊರದು. ಕುಮಾರ ಗಂಧರ್ವ ಎಂದರೆ ಎಲ್ಲರಿಗೂ ಗೊತ್ತು. ಐದಾರು ವರ್ಷ ಹಾಡಬಾರದು ಎಂದು ಮಲಗಿದ್ದಾಗ ಅವರು ಕೇಳಿಸಿಕೊಂಡದ್ದು ಮಾಳವದ ಹಳ್ಳಿ ಹೆಂಗಸರ, ಭಿಕ್ಷುಕರ ಹಾಡು. ಮುಂದೆ ಅವರ ಸಂಗೀತವೇ ಅದರಿಂದ ಬೇರೆಯಾಯಿತು. 1992ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ನಮ್ಮ ಕಡೆಯ ಒಬ್ಬರು ಇದೇ ರಸ್ತೆಯ ಆ ತುದಿಗೆ ಹೋಗಿ ಹೊಸ ಮನುಷ್ಯರಾದ ಕಥೆ ಇದು.

ರಾಜಗಢ ದಾಟಿದರೆ ರಾಜಸ್ಥಾನ. ಝಾಲಾವಾಡ, ಚಂಬಲ್ ದಂಡೆಯ ಕೋಟಾ, ಮೆಟ್ಟಿಲುಬಾವಿಗಳ ಬೂಂದಿ, ಟೋಂಕ್, ಜೈಪುರ. ಜೈಪುರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ. ಗಾಡಿಗೂ, ನಡುವಿಗೂ. ಆಮೇಲೆ ಸೀಕರ್, ಫತೇಪುರ. ಆ ಶೇಖಾವಾಟಿ ಸೀಮೆಯ ಹಳೆಯ ವ್ಯಾಪಾರಿಗಳ ಹವೇಲಿಗಳ ಗೋಡೆ ಒಳಗೂ ಹೊರಗೂ ಚಿತ್ರ. ನಮ್ಮ ಕಲಘಟಗಿ ತೊಟ್ಟಿಲಿನ ಮೇಲೆ ಬಣ್ಣದಲ್ಲಿ ದೇವರ ಕಥೆ ಬರೆಯುವ ಕೈಗಳನ್ನು ಬಲ್ಲವರಿಗೆ ಆ ಗೋಡೆಗಳು ಬೇರೆ ರೀತಿ ಕಾಣುತ್ತವೆ. ಅಲ್ಲಿ ಗೋಡೆಯ ಮೇಲೆ, ಇಲ್ಲಿ ಕಟ್ಟಿಗೆಯ ಮೇಲೆ. ಅಲ್ಲಿಯ ಹವೇಲಿಗಳಲ್ಲಿ ಹಲವು ಬೀಗ ಹಾಕಿಕೊಂಡು ಹಾಳಾಗುತ್ತಿವೆ. ನಮ್ಮ ತೊಟ್ಟಿಲ ಕೆಲಸ ಮಾಡುವ ಮನೆಗಳೂ ಕೈಬೆರಳಲ್ಲಿ ಎಣಿಸುವಷ್ಟಾಗಿವೆ. ನಮ್ಮದರ ಬೆಲೆ ತಿಳಿಯಲು ಒಮ್ಮೊಮ್ಮೆ ಅಷ್ಟು ದೂರ ಹೋಗಬೇಕಾಗುತ್ತದೆ.

ಚೂರು ದಾಟಿದರೆ ಹರಿಯಾಣದ ಹಿಸಾರ್. ಕೇಂದ್ರ ಎಮ್ಮೆ ಸಂಶೋಧನಾ ಸಂಸ್ಥೆ ಇರುವುದು ಇಲ್ಲೇ. ಮುರ್ರಾ ಎಮ್ಮೆಯ ತವರು ಸೀಮೆ. ಧಾರವಾಡ ಎಮ್ಮೆ ಸಾಕಿದವರಿಗೆ ಆ ಊರಿನ ಹಟ್ಟಿಗಳೇ ಒಂದು ಪ್ರವಾಸಿ ತಾಣ. ಕೊನೆಗೆ ನರವಾನಾ, ಖನೌರಿ, ಸಂಗ್ರೂರ್. ಮಾಘದಲ್ಲಿ ರಾಜಸ್ಥಾನ, ಹರಿಯಾಣದ ಹೊಲಗಳಲ್ಲಿ ಸಾಸಿವೆಯ ಹಳದಿ, ಪಂಜಾಬಿನಲ್ಲಿ ಗೋಧಿಯ ಹಸಿರು. ರೈತರ ಮಕ್ಕಳಿಗೆ ಇನ್ನೊಬ್ಬ ರೈತನ ಹೊಲ ನೋಡುವುದಕ್ಕಿಂತ ಚಂದ ಏನಿದೆ? ಅಲ್ಲಿ ನೀರು ಹೇಗೆ ಬಿಡುತ್ತಾರೆ, ಸಾಲು ಎಷ್ಟು ದೂರ ಇಡುತ್ತಾರೆ, ಮಂಡಿಯಲ್ಲಿ ರೇಟು ಹೇಗೆ ಕೂಗುತ್ತಾರೆ ಎಂದು ಕೇಳಿಕೊಂಡು ಬಂದರೆ ಅದೇ ಲಾಭ.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಾಡುತ್ತದೆ. ಈ ರಸ್ತೆಯ ನಮ್ಮ ತುದಿಯ ನವಲಗುಂದದಲ್ಲಿ 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ನಡೆಯಿತು. ಅಂದಿನ ಹುತಾತ್ಮರನ್ನು ಪ್ರತಿ ವರ್ಷ ನೆನೆಯುತ್ತೇವೆ. ಇದೇ ರಸ್ತೆಯ ಆ ತುದಿಯ ಖನೌರಿಯಲ್ಲಿ ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೇಳಿ ಪಂಜಾಬಿನ ರೈತರು 2024ರ ಫೆಬ್ರವರಿಯಿಂದ 2025ರ ಮಾರ್ಚ್‌ವರೆಗೆ ರಸ್ತೆಯ ಮೇಲೇ ಕೂತಿದ್ದರು. ಎರಡೂ ಊರಿನ ನಡುವೆ ಇರುವುದು ಒಂದೇ ಹೆದ್ದಾರಿ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಗಾಡಿಯ ಮೇಲೆ ಕೂತು ಅಳೆದು ಬರುವುದು ಬೇರೆ.

ಕೋಟಾ, ಜೈಪುರದ ಎರಡೂ ತಂಗುದಾಣ ಸೇರಿ ಹೋಗುವ ದಾರಿಗೆ 14 ದಿನ. ಯಾವ ದಿನವೂ 270 ಕಿ.ಮೀ. ದಾಟುವುದಿಲ್ಲ. ರೀಲ್ಸ್‌ನಲ್ಲಿ ಒಂದೇ ದಿನ 800 ಕಿ.ಮೀ. ಓಡಿಸಿದೆ ಎನ್ನುವವರ ಮಾತು ಕೇಳಬೇಡಿ. ಅವರು ನೋಡಿದ್ದು ಮುಂದಿನ ಲಾರಿಯ ಹಿಂಬದಿ ಅಷ್ಟೇ.

ಜೀವದ ಲೆಕ್ಕ

ತಾಲ್ಲೂಕಿನ ಅಪಘಾತದ ಸುದ್ದಿ ಬರೆಯುವವರು ನಾವೇ. ನಾಲ್ಕು ಸಾಲಿನ ಸುದ್ದಿ, ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಆ ಸಂಖ್ಯೆಯಲ್ಲಿ ನಮ್ಮ ನಿಮ್ಮ ಊರಿನವರೂ ಇದ್ದಾರೆ. ಐಎಸ್‌ಐ ಗುರುತಿನ, ಗದ್ದದ ಕೆಳಗೆ ಪಟ್ಟಿ ಬಿಗಿದ ಹೆಲ್ಮೆಟ್ ಇಲ್ಲದೆ ಹೊರಡುವುದಾದರೆ ಮೇಲಿನದ್ದೆಲ್ಲ ಮರೆತುಬಿಡಿ.

ಎರಡನೆಯ ನಿಯಮ: ಬೆಳಕಿದ್ದಾಗ ಮಾತ್ರ ಪ್ರಯಾಣ. 2025ರ ಜನವರಿ 22ರಂದು ಸವಣೂರಿನ ಹಣ್ಣು, ತರಕಾರಿ ವ್ಯಾಪಾರಿಗಳು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಬೆಳಗಿನ ಜಾವ ಯಲ್ಲಾಪುರ ತಾಲ್ಲೂಕಿನಲ್ಲಿ ಇದೇ 52ನೇ ಹೆದ್ದಾರಿಯಿಂದ ಕಂದಕಕ್ಕೆ ಉರುಳಿ 10 ಜನ ಸತ್ತರು. ಅವರಿಗೆ ಹೊಟ್ಟೆಪಾಡು ಇತ್ತು, ಕತ್ತಲಲ್ಲೇ ಹೊರಡಬೇಕಿತ್ತು. ಸುತ್ತಾಟಕ್ಕೆ ಹೋಗುವವರಿಗೆ ಅಂಥ ಅವಸರ ಯಾವುದೂ ಇಲ್ಲ. ಬೆಳಿಗ್ಗೆ 7ಕ್ಕೆ ಹೊರಡಿ, ಸಂಜೆ 5ಕ್ಕೆ ಖೋಲಿ ಹಿಡಿಯಿರಿ.

ಮೂರನೆಯದು ಯಾರೂ ಹೇಳದ ಮಾತು, ದಯವಿಟ್ಟು ಎರಡು ಸಲ ಓದಿ. ಗಾಡಿಯ ವಿಮೆಯ ಜೊತೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದು ಗಾಡಿ ಯಾರ ಹೆಸರಿನಲ್ಲಿದೆಯೋ ಆ ಮಾಲೀಕ, ಲೈಸೆನ್ಸ್ ಇಟ್ಟುಕೊಂಡು, ತಾನೇ ಓಡಿಸುವಾಗ ಮಾತ್ರ ಅನ್ವಯ. ನಮ್ಮ ಹಳ್ಳಿಗಳಲ್ಲಿ ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ಮಗನಿಗೆ ಏನಾದರೂ ಆದರೆ ಆ 15 ಲಕ್ಷ ಮನೆಗೆ ಬರುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ನಿಮ್ಮ ಹೆಸರಿನಲ್ಲೇ ಬೇರೆ ಅಪಘಾತ ವಿಮೆ ಮಾಡಿಸಿ. ಏನೂ ಆಗದಿದ್ದರೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಾದರೂ ಇರಲಿ. ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ 2 ಲಕ್ಷ. 18ರಿಂದ 70 ವರ್ಷದವರಿಗೆ ಸಿಗುತ್ತದೆ.

ಲೈಸೆನ್ಸ್, ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿ ಇರಲಿ, ಒಂದು ಜೆರಾಕ್ಸ್ ಚೀಲದಲ್ಲಿರಲಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಹೊರಡಿಸಿದೆ, ನೆನಪಿರಲಿ. ಮ್ಯಾಪ್ ಹಾಕುವಾಗ ದ್ವಿಚಕ್ರ ವಾಹನದ ಗುರುತು ಒತ್ತಿ. ಇಲ್ಲದಿದ್ದರೆ ಅದು ಬೈಕಿಗೆ ಪ್ರವೇಶವಿಲ್ಲದ ಎಕ್ಸ್‌ಪ್ರೆಸ್‌ವೇ ಮೇಲೆ ಕಳಿಸೀತು.

ಮನೆಯವರಿಗೆ ಎರಡು ಮಾತು

ಹಳ್ಳಿಯ ಮನೆಯಲ್ಲಿ ಬೈಕ್ ಒಂದು ದುಡಿಯುವ ಎತ್ತು. ಡೇರಿಗೆ ಹಾಲು, ಹೊಲಕ್ಕೆ ಗೊಬ್ಬರ, ಶಾಲೆಗೆ ತಂಗಿ, ದವಾಖಾನೆಗೆ ಅಜ್ಜಿ ಎಲ್ಲ ಅದರ ಮೇಲೇ. ಅದನ್ನು ಹದಿನೇಳು ದಿನ ಒಯ್ಯುವವರು, ಆ ಕೆಲಸಗಳನ್ನು ಯಾರು ಮಾಡುತ್ತಾರೆ ಎಂದು ಮೊದಲೇ ಗೊತ್ತು ಮಾಡಬೇಕು. ಕಾಕಾನ ಗಾಡಿಯೋ, ಓಣಿಯ ದೋಸ್ತನ ಗಾಡಿಯೋ, ಅದನ್ನು ಬಾಯಿಬಿಟ್ಟು ಕೇಳಿ ಒಪ್ಪಿಸಬೇಕು. ಯೋಜನೆಯ ಮೊದಲ ಸಾಲು ಇದೇ.

ಅಪ್ಪ, ಅವ್ವ, ಅಣ್ಣ, ಅತ್ತಿಗೆಯರಿಗೆ ನಮ್ಮ ವಿನಂತಿ ಬೇರೆ. ಹುಡುಗ ಇಷ್ಟೆಲ್ಲ ಲೆಕ್ಕ ಬರೆದು ತಂದು ಮುಂದಿಟ್ಟರೆ ‘ಮಾಡೋಕೆ ಬೇರೆ ಕೆಲಸ ಇಲ್ಲೇನ್’ ಎಂದು ಹರಿದು ಒಗೆಯಬೇಡಿ. ಒಂದು ವರ್ಷ ದುಡ್ಡು ಕೂಡಿಸಿ, ಗಾಡಿ ರಿಪೇರಿ ಕಲಿತು, ವಿಮೆ ಮಾಡಿಸಿ, ಹೊಲದ ಕೆಲಸ ಮುಗಿಸಿ ಕೇಳುತ್ತಿರುವವನು ಹುಡುಗಾಟಿಕೆ ಮಾಡುತ್ತಿಲ್ಲ. ಹೇಳದೆ ಕೇಳದೆ ಸಾಲದ ಗಾಡಿ ಹತ್ತಿ ರಾತ್ರೋರಾತ್ರಿ ಗೋವಾಕ್ಕೆ ಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮಗಳು ಕೇಳಿದರೂ ಇದೇ ಮಾತು.

ಲಡಾಖ್ ಎಲ್ಲಿಗೂ ಓಡಿಹೋಗುವುದಿಲ್ಲ. ಲೇಹ ಪಟ್ಟಣವೇ 3,500 ಮೀಟರ್ ಎತ್ತರದಲ್ಲಿದೆ, ದಾರಿಯ ತಂಗ್ಲಾಂಗ್ ಲಾ 5,300 ಮೀಟರ್ ದಾಟುತ್ತದೆ. ಅಲ್ಲಿ ಉಸಿರೂ ಎಂಜಿನ್ನೂ ಎರಡೂ ಏದುತ್ತವೆ. ನಮ್ಮೂರಿನಿಂದ ಹೋಗಿ ಬರಲು ಹತ್ತಿರ ಹತ್ತಿರ 6,000 ಕಿ.ಮೀ. 52ನೇ ಹೆದ್ದಾರಿ ಮುಗಿಸಿ ಬಂದವರಿಗೆ ತಮ್ಮ ಮೈ ಎಷ್ಟು ತಡೆಯುತ್ತದೆ, ಗಾಡಿ ಎಷ್ಟು ತಡೆಯುತ್ತದೆ ಎಂಬುದು ತಿಳಿದಿರುತ್ತದೆ. ಆಮೇಲೆ ಒಂದು ವರ್ಷ ಹೊಲಕ್ಕೆ ಆಳಿನ ವ್ಯವಸ್ಥೆ ಮಾಡಿಕೊಂಡು ಲಡಾಖಿಗೂ ಹೋಗಬಹುದು.

ಶುರು ಮಾಡುವುದು ಹೇಗೆ? ಮಳೆಗಾಲ ಮುಗಿಯಲಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಮರೆಯುವಂಥದ್ದಲ್ಲ, ಮಳೆಯಲ್ಲಿ ಘಟ್ಟ ಬೇಡ. ನವೆಂಬರ್‌ನ ಒಂದು ಭಾನುವಾರ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಸಿಕೊಂಡು ಕಲಘಟಗಿಯಿಂದ ಅಂಕೋಲಾಕ್ಕೆ ಹೋಗಿ ಬನ್ನಿ. ಹೋಗಿ ಬರುವುದು ಸೇರಿ ಇನ್ನೂರು ಚಿಲ್ಲರೆ ಕಿ.ಮೀ. ನಮ್ಮ ತಾಲ್ಲೂಕಿನಲ್ಲಿ ಹರಿಯುವ ಬೇಡ್ತಿ ಹಳ್ಳವೂ ಅದೇ ದಿಕ್ಕಿಗೆ ಹೋಗುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ಸೀಮೆಯಲ್ಲಿ ಸಮುದ್ರ ಸೇರುತ್ತದೆ. ಅದು ಸೇರುವ ಜಾಗ ನೋಡಿ, ಕತ್ತಲಾಗುವ ಮುಂಚೆ ಮನೆ ಸೇರಿ. ರಾತ್ರಿ ನಡು ನೋಯದಿದ್ದರೆ, ಗಾಡಿ ಎಣ್ಣೆ ಸೋರದಿದ್ದರೆ, ಮರುದಿನ ಒಂದು ನೋಟ್‌ಬುಕ್ ತಗೊಂಡು ಸಂಗ್ರೂರಿನ ಲೆಕ್ಕ ಬರೆಯಲು ಕೂಡಿ.